ಕಬ್ಬಿಣದ ಮೈದುನ

ನಮ್ಮ ಅವ್ವ ಗಂಗಮ್ಮ ಕಳ್ಳರಿಗೆ ಹೆದರಿ ಬಾಗಿಲಿಗೆ ಗಂಟೆ ಕಟ್ಟಿಸಿದಳು ಎಂದು ನ್ಯಾಮತಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕಳ್ಳನೊಬ್ಬ ಕಷ್ಟಪಟ್ಟು ಒಳಗೆ ಬಂದು ಹೊತ್ತುಕೊಂಡು ಹೋಗುವಂಥದ್ದು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ. ಬಂದಿದ್ದರೆ ಪಾಪ, ಅವನೇ ಮರುಗಿ ಏನಾದರೂ ಬಿಟ್ಟು ಹೋಗುತ್ತಿದ್ದನೋ ಏನೋ. ಅವ್ವ ಗಂಟೆ ಕಟ್ಟಿಸಿದ್ದು ನಮ್ಮ ಚಿಕ್ಕಪ್ಪನ ಜಾಗಕ್ಕೆ. ಅವನು ಮಾಡುತ್ತೇನೆಂದು ಹೇಳಿ ಬಂದಿದ್ದ ಕೆಲಸವನ್ನು ಆ ಗಂಟೆ ಮಾಡಿತು, ಅದೂ ಊಟ ಕೇಳದೆ, ಬೀಡಿ ಸೇದದೆ, ನಮ್ಮ ಮೇಲೆ ಯಜಮಾನಿಕೆ ನಡೆಸದೆ. ಈ ಮಾತನ್ನು ನಾನು ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಚಿಕ್ಕಪ್ಪನ ಮಕ್ಕಳ ಎದುರಿಗೇ ಹೇಳಿದ್ದೇನೆ. ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ಮನೆ ದೊಡ್ಡದೇನಲ್ಲ. ಬೀದಿಗೆ ಮುಖ ಮಾಡಿದ ಜಗುಲಿ, ಜಗುಲಿ ದಾಟಿದರೆ ಪಡಸಾಲೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ನಾವು ಮಲಗುತ್ತಿದ್ದ ಕೋಣೆ, ಹಿಂದೆ ಒಂದು ನುಗ್ಗೆಮರದ ಹಿತ್ತಿಲು. ಅಪ್ಪ ಹೊನ್ನಾಳಿಯ ಕಚೇರಿಯೊಂದರಲ್ಲಿ ಜವಾನನಾಗಿದ್ದ. ನಾನು ಚಿಕ್ಕವಳಿದ್ದಾಗಲೇ ಕಾಮಾಲೆಯಾಗಿ ತೀರಿಕೊಂಡ. ಕಚೇರಿಯವರು ಅವನ ಕೆಲಸವನ್ನು ಅವ್ವನಿಗೆ ಕೊಟ್ಟರು. ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆಯೇ ಅವ್ವ ಹೋಗಿ ಕೂತಳು. ಬೆಳಿಗ್ಗೆ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿಯ ಜೊತೆ ಒಂದಿಷ್ಟು ಕಟ್ಟಿಕೊಂಡು, ಉಳಿದದ್ದನ್ನು ನನಗೂ ಅಜ್ಜಿಗೂ ಮುಚ್ಚಿಟ್ಟು ಹೊನ್ನಾಳಿ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಹಿರಿಯ ಮಗ ಹೋದ ಮೇಲೂ ಸೊಸೆಯ ಜೊತೆಯೇ ಉಳಿದವಳು. ಅವ್ವನ ತವರು ಜಗಳೂರಿನ ಕಡೆಯ ಒಂದು ಹಳ್ಳಿ. ಅವಳ ನೆಟ್ಟಗಿನ ಮಾತು ಕೇಳಿದಾಗಲೆಲ್ಲ ಅಜ್ಜಿ, ಆ ಕಡೆಯ ನೆಲದಲ್ಲಿ ಕಲ್ಲು ಜಾಸ್ತಿ ಎಂದು ಗೊಣಗುತ್ತಿದ್ದಳು. ಅವ್ವ ಅದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದಳು.

ನಮ್ಮ ಕಡೆ ಆಗ ಒಂದು ಪದ್ಧತಿಯಿತ್ತು. ಗಂಡಸಿಲ್ಲದ ಮನೆಯ ಜಗುಲಿಯ ಮೇಲೆ ನೆಂಟರ ಪೈಕಿ ಒಬ್ಬ ಗಂಡಸು ರಾತ್ರಿ ಮಲಗಬೇಕು. ಮೈದುನನೋ ತಮ್ಮನೋ ಅಳಿಯನೋ, ಯಾರಾದರೂ ಸರಿ. ಅವನು ಗಟ್ಟಿಮುಟ್ಟಾಗಿರಬೇಕೆಂದೇನೂ ಇಲ್ಲ, ಎಚ್ಚರವಾಗಿರಬೇಕೆಂದಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ನೀರಿಗೆ ಹೋಗುವವರ ಕಣ್ಣಿಗೆ ಜಗುಲಿಯ ಮೇಲೆ ಒಂದು ಜೊತೆ ಗಂಡಸಿನ ಚಪ್ಪಲಿ ಕಂಡರೆ ಸಾಕು, ಆ ಮನೆಯ ಮಾನ ಭದ್ರವಾಗಿದೆ ಎಂದು ಬೀದಿ ನಿಶ್ಚಿಂತೆಯಾಗಿರುತ್ತಿತ್ತು. ಹಾಗೆ ನಮ್ಮ ಜಗುಲಿಗೆ ಬಂದವನು ಅಪ್ಪನ ತಮ್ಮ ಹಾಲೇಶ ಚಿಕ್ಕಪ್ಪ. ಕತ್ತಲಗೆರೆಯಲ್ಲಿ ಹೆಂಡತಿ ಮಕ್ಕಳನ್ನೂ ಹೊಲವನ್ನೂ ಬಿಟ್ಟು, ನಮ್ಮನ್ನು ಕಾಯುತ್ತೇನೆಂದು ಹಾಸಿಗೆ ಸುರುಳಿ ಹೊತ್ತು ಬಂದ. ಮೊದಲು ಜಗುಲಿಯ ಮೇಲೆ ಮಲಗಿದ. ಚಳಿ ಎಂದು ಪಡಸಾಲೆಗೆ ಬಂದ. ಪಡಸಾಲೆಯಲ್ಲಿ ಅಪ್ಪನ ಕುರ್ಚಿ ಖಾಲಿಯಿತ್ತು, ಅದರಲ್ಲಿ ಕೂತ. ಕೂತ ಮೇಲೆ ಕಾಫಿ ಬೇಕಾಯಿತು, ಇಸ್ಪೀಟಿಗೆ ನಾಲ್ಕು ಜನ ಗೆಳೆಯರು ಬೇಕಾದರು, ಅವರಿಗೆ ಮಂಡಕ್ಕಿ ಮೆಣಸಿನಕಾಯಿ ಬೇಕಾಯಿತು. ನಾನು ಶಾಲೆಯಿಂದ ಬರುವಾಗ ನಮ್ಮ ಮನೆಗೇ ಹಿಂದಿನ ಓಣಿಯಿಂದ ಬರಬೇಕಾಯಿತು. ಅವ್ವ ಯಾರ ಜೊತೆ ನಿಂತು ಮಾತಾಡಿದಳು, ಕಚೇರಿಗೆ ಯಾವ ಸೀರೆ ಉಟ್ಟಳು ಎನ್ನುವುದೂ ಕಾವಲಿನ ಲೆಕ್ಕಕ್ಕೇ ಸೇರಿತು. ಅವ್ವ ಹಲ್ಲು ಕಚ್ಚಿಕೊಂಡಿದ್ದಳು.

ಒಂದು ಸಂಜೆ ಅವಳ ಬಸ್ಸು ತಡವಾಯಿತು. ಅವಳು ಹೊಸ್ತಿಲು ದಾಟುವುದಕ್ಕೇ ಬಿಡದೆ ಚಿಕ್ಕಪ್ಪ ಕುರ್ಚಿಯಿಂದಲೇ ಕೇಳಿದ:

"ಎಲ್ಲಿಗೆ ಹೋಗಿದ್ರಿ ಅತ್ತಿಗೆ? ಹೊತ್ತು ಮುಳುಗಿ ಎಷ್ಟೊತ್ತಾತು?"

"ಬಸ್ಸು ಪಂಚರ್ ಆತು."

"ದಿನಾ ಒಂದಲ್ಲ ಒಂದು. ಈ ನೌಕರಿ ಸಾಕು ಬಿಡ್ರಿ. ಮನೆ ಬಾಡಿಗೆಗೆ ಕೊಟ್ಟು ಎಲ್ರೂ ಕತ್ತಲಗೆರೆಗೆ ಹೋಗಾನ. ಇವತ್ತಿಂದ ಬೀಗದ ಕೈ ನನ್ನ ಹತ್ರ ಇರ್ಲಿ."

ಅವ್ವ ಒಳಗೆ ಬಂದು ಒಂದು ಚೊಂಬು ನೀರು ಕುಡಿದಳು. ಅವನ ಹಾಸಿಗೆಯನ್ನು ಸುತ್ತಿ, ಅವನದೇ ಹಗ್ಗದಿಂದ ಬಿಗಿಯಾಗಿ ಕಟ್ಟಿ, ಎತ್ತಿಕೊಂಡು ಹೋಗಿ ಬೀದಿಯ ಮೇಲಿಟ್ಟು ಬಂದಳು. ಎಸೆಯಲಿಲ್ಲ, ಇಟ್ಟಳು. ಎದುರು ಮನೆಯ ಸಿದ್ದಮ್ಮ ರಾಗಿ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ನೋಡಿದಳು. ಚಿಕ್ಕಪ್ಪನಿಗೆ ಹೊರಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಹೋಗುವಾಗ ಬೀದಿಗೆಲ್ಲ ಕೇಳುವಂತೆ ಹೇಳಿದ:

"ಗಂಡಸಿಲ್ಲದ ಮನೆ ಇದು. ನಾಳೆ ಕಳ್ಳ ನುಗ್ಗಿದ್ರೆ ಕೂಗಾಕೆ ಯಾರಿದ್ದಾರೆ?"

"ಕೂಗಾಕೆ ತಾನೆ? ಕೂಗೋದನ್ನೇ ತಂದು ಕಟ್ತೀನಿ," ಎಂದಳು ಅವ್ವ.

ಅವ್ವನ ಕಚೇರಿಯಲ್ಲಿ ಹಣ ಇಡುವ ಕೋಣೆಗೆ ಅಂಥದ್ದೊಂದು ಗಂಟೆ ಇತ್ತು. ಬಾಗಿಲು ತೆಗೆದರೆ ಇಡೀ ಕಚೇರಿಗೆ ಕೇಳುವಂತೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಕೂರಿಸಿದ್ದವರು ಹೊನ್ನಾಳಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಬಾಷಾ ಸಾಹೇಬರು. ಒಂದು ಭಾನುವಾರ ಅವರು ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪಡಸಾಲೆಯ ಗೋಡೆಗೆ ಬಟ್ಟಲಿನಂಥ ಕಬ್ಬಿಣದ ಗಂಟೆ, ಅದರ ಕೆಳಗೆ ಟಾರ್ಚಿನ ಸೆಲ್ಲುಗಳನ್ನು ಜೋಡಿಸಿದ ಒಂದು ಡಬ್ಬಿ, ಅಲ್ಲಿಂದ ಬಾಗಿಲಿಗೆ ವೈರು. ಹೊಸ್ತಿಲಿನ ಸಂದಿಯಲ್ಲಿ ಎರಡು ಹಿತ್ತಾಳೆ ಪಟ್ಟಿ. ಬಾಗಿಲು ಹಾಕಿದ್ದಾಗ ಬಾಗಿಲಿನ ಅಡಿಗೆ ಹೊಡೆದ ಮರದ ಗೂಟ ಆ ಪಟ್ಟಿಗಳ ನಡುವೆ ಕೂತು ಅವು ಸೇರದಂತೆ ನೋಡಿಕೊಳ್ಳುತ್ತದೆ. ಬಾಗಿಲು ತೆಗೆದರೆ ಗೂಟ ಸರಿದು ಪಟ್ಟಿಗಳು ಕೂಡಿ ಗಂಟೆ ಹೊಡೆಯುತ್ತದೆ. ಇಷ್ಟೇ ಅದರ ಮರ್ಮ. ಗಂಟೆಯನ್ನು ಆರಿಸುವ ಗುಂಡಿ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಹಿಂದೆ. ಮನೆಯವರು ಹೊರಗಿನಿಂದ ಕೂಗಬೇಕು, ಒಳಗಿದ್ದವರು ಗುಂಡಿ ಆರಿಸಿ ಬಾಗಿಲು ತೆಗೆಯಬೇಕು. ಕೂಗದೆ ದೂಡಿಕೊಂಡು ಬರುವವರಿಗೆ ಮಾತ್ರ ಗಂಟೆ. ನಮ್ಮ ಬೀದಿಯಲ್ಲಿ ಅದುವರೆಗೆ ಯಾರೂ ಯಾರ ಮನೆಗೂ ಕೂಗಿ ಹೋದವರಲ್ಲ. ಆದ್ದರಿಂದ ಗಂಟೆ ಕಟ್ಟಿದ್ದು ಬೀದಿಗೇ ಒಂದು ಬೈಗುಳವಾಯಿತು. ಗಂಗಮ್ಮನ ಕಣ್ಣಿಗೆ ನಾವೆಲ್ಲ ಕಳ್ಳರಾ ಎಂದು ಹೆಂಗಸರು ನಲ್ಲಿಯ ಹತ್ತಿರ ಮುಖ ತಿರುಗಿಸಿದರು. ಗಂಡಸರು ಅದಕ್ಕೆ ಗಂಗಮ್ಮನ ಕಬ್ಬಿಣದ ಮೈದುನ ಎಂದು ಹೆಸರಿಟ್ಟು ನಕ್ಕರು. ಅವ್ವನಿಗೆ ಆ ಹೆಸರು ಬಹಳ ಹಿಡಿಸಿತು. ಹಳೆಯ ಮೈದುನನಿಗಿಂತ ಇವನು ವಾಸಿ ಎಂದು ಅವಳೂ ಹೇಳಿಕೊಂಡು ಓಡಾಡಿದಳು.

ಅಜ್ಜಿಯ ತಕರಾರು ಬೇರೆ ಇತ್ತು. ಮುಸ್ಸಂಜೆ ದೀಪ ಹಚ್ಚುವಾಗ ಹಿತ್ತಿಲ ಬಾಗಿಲು ಹಾಕಿ ಮುಂಬಾಗಿಲು ತೆಗೆದಿಡಬೇಕು. ಆ ಹೊತ್ತಿನಲ್ಲಿ ಲಕ್ಷ್ಮಿ ಮನೆಗೆ ಬರುತ್ತಾಳೆ.

"ಲಕ್ಷ್ಮಿ ಬರೋವಾಗ ಹಿಂಗೆ ಬೊಬ್ಬೆ ಹೊಡೆದ್ರೆ ಆಯಮ್ಮ ಒಳಗೆ ಬರ್ತಾಳೇನೇ? ಬೆದರಿ ಹಿಂದಕ್ಕೆ ಹೋಗ್ತಾಳೆ," ಎಂದಳು ಅಜ್ಜಿ.

"ಪೂಜೆಗೆ ಗಂಟೆ ಬಾರ್ಸಲ್ವಾ ಅತ್ತೆ? ಆಯಮ್ಮಗೆ ಗಂಟೆ ರೂಢಿ ಐತೆ."

ಕೊನೆಗೆ ಒಂದು ಒಪ್ಪಂದವಾಯಿತು. ದೀಪ ಹಚ್ಚುವ ಮೊದಲು ಅಜ್ಜಿ ಗುಂಡಿ ಆರಿಸಿ ಬಾಗಿಲು ತೆಗೆಯಬೇಕು, ಬಾಗಿಲು ಹಾಕಿದ ಕೂಡಲೇ ಗುಂಡಿ ಹಾಕಬೇಕು. ಅಜ್ಜಿ ಹೂಂ ಎಂದಳು. ಅವಳ ಹೂಂ ಯಾವತ್ತೂ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ ಎನ್ನುವುದನ್ನು ನಾವು ಗಮನಿಸಬೇಕಾಗಿತ್ತು.

ಗಂಟೆ ಮೊದಲ ವಾರವೇ ಕೆಟ್ಟಿತು. ಬಾಗಿಲು ತೆಗೆದರೂ ಸದ್ದಿಲ್ಲ. ಬಾಷಾ ಸಾಹೇಬರು ಬಂದು ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಹಿತ್ತಾಳೆ ಪಟ್ಟಿಗಳ ಮೇಲೆ ಅರಿಸಿನ ಕುಂಕುಮ ಗಟ್ಟಿಯಾಗಿ ಕೂತಿದೆ. ಅಜ್ಜಿ ದಿನಾ ಹೊಸ್ತಿಲು ತೊಳೆದು ಅರಿಸಿನ ಬಳಿಯುವಾಗ, ಹೊಸದಾಗಿ ಬಂದವಕ್ಕೆ ಯಾಕೆ ಬೇಸರ ಎಂದು ಪಟ್ಟಿಗಳಿಗೂ ಬಳಿದಿದ್ದಳು. ಕಿಲುಬು ಹಿಡಿಯಬಾರದೆಂದು ದೇವರ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿಯೂ ಇದ್ದಳು. ಸಾಹೇಬರು ನಕ್ಕು ಪಟ್ಟಿಗಳನ್ನು ಕಿತ್ತು ಮೇಲಿನ ಚೌಕಟ್ಟಿಗೆ ಹಾಕಿದರು. ಯುಗಾದಿಗೆ ಅಲ್ಲಿ ಮಾವಿನ ತೋರಣ ಬಂತು, ಅದರ ದಾರ ಪಟ್ಟಿಗಳ ನಡುವೆ ಸಿಕ್ಕಿಕೊಂಡು ಗಂಟೆ ಮತ್ತೆ ಮೂಕವಾಯಿತು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಕೂರದೆ, ಅವ್ವ ಹೊನ್ನಾಳಿಯಲ್ಲಿದ್ದಾಗ ಮಟಮಟ ಮಧ್ಯಾಹ್ನ ತಾನಾಗಿಯೇ ಹೊಡೆದುಕೊಳ್ಳತೊಡಗಿತು. ಗಾಬರಿಗೆ ಗುಂಡಿಯೇ ಮರೆತುಹೋಗಿ ಅಜ್ಜಿ ಅದರ ಮೇಲೆ ಕಂಬಳಿ ಹೊದಿಸಿ ಅದುಮಿ ಹಿಡಿದುಕೊಂಡಿದ್ದಳು. ನಾನು ಶಾಲೆಯಿಂದ ಬಂದಾಗ ಕಂಬಳಿಯೊಳಗೆ ಅದು ಇನ್ನೂ ಗುರ್ ಎನ್ನುತ್ತಿತ್ತು. ಇನ್ನೊಮ್ಮೆ ಸೆಲ್ಲುಗಳೇ ಇರಲಿಲ್ಲ. ಅಜ್ಜಿ ಅವನ್ನು ತೆಗೆದು ತನ್ನ ಟಾರ್ಚಿಗೆ ಹಾಕಿಕೊಂಡು, ಟಾರ್ಚಿನ ಮುಗಿದ ಸೆಲ್ಲುಗಳಿಗೆ ಕಸುವು ಬರಲೆಂದು ಹೆಂಚಿನ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟಿದ್ದಳು.

ಹೊನ್ನಾಳಿಯಿಂದ ಎಷ್ಟು ಸಲ ಬರುವುದೆಂದು ಸಾಹೇಬರು ನನಗೇ ಕೆಲಸ ಕಲಿಸಿದರು. ಟಾರ್ಚಿನ ಬಲ್ಬಿಗೆ ಎರಡು ವೈರು ಕಟ್ಟಿಕೊಟ್ಟು ಹೇಳಿದರು:

"ಮೊದ್ಲು ಸೆಲ್ ನೋಡು ಬೇಟಿ. ಆಮೇಲೆ ವೈರ್, ಆಮೇಲೆ ಪಟ್ಟಿ. ಗಂಟೆ ಕೊನೇಗೆ. ಎಲ್ರೂ ಉಲ್ಟಾ ಮಾಡ್ತಾರೆ, ಮೊದ್ಲು ಗಂಟೆಗೇ ಬೈತಾರೆ."

ಆ ಬಲ್ಬು ಹತ್ತಿದಾಗ ನನಗಾಗುತ್ತಿದ್ದ ಖುಷಿಯನ್ನು ಏನೆಂದು ಹೇಳಲಿ. ಹೆಣ್ಣು ಹುಡುಗಿಗೆ ಕರೆಂಟಿನ ಸಹವಾಸ ಯಾಕೆ ಎಂದವರಿಗೆ ನಾನು ಉತ್ತರ ಕೊಡುತ್ತಿರಲಿಲ್ಲ, ಅವರ ಮನೆಯ ಕೆಟ್ಟ ಟಾರ್ಚನ್ನು ಇಸಿದುಕೊಂಡು ಸರಿಮಾಡಿ ಕೊಡುತ್ತಿದ್ದೆ. ತೆಗೆದುಕೊಂಡು ಸುಮ್ಮನೆ ಹೋಗುತ್ತಿದ್ದರು.

ಚಿಕ್ಕಪ್ಪ ದೂರದಿಂದ ಇದನ್ನೆಲ್ಲ ಕೇಳಿಸಿಕೊಂಡು ಕಾಯುತ್ತಿದ್ದ. ಒಂದು ಸಂತೆಯ ದಿನ ಮಧ್ಯಾಹ್ನ, ಅವ್ವ ಕಚೇರಿಯಲ್ಲಿದ್ದಾಗ, ಅಭ್ಯಾಸಬಲದಿಂದ ಬಾಗಿಲು ದೂಡಿಕೊಂಡು ಒಳಗೆ ಕಾಲಿಟ್ಟ. ಗಂಟೆ ಹೊಡೆದುಕೊಂಡಿತು. ಮುಖ ತಿರುಗಿಸಿದ್ದ ಅದೇ ಹೆಂಗಸರು ಒನಕೆ, ಸೌದೆ ಹಿಡಿದು ಓಡಿ ಬಂದರು. ಪರೀಕ್ಷೆಗೆಂದು ಶಾಲೆಗೆ ರಜೆ ಕೊಟ್ಟಿದ್ದರಿಂದ ನಾನೂ ಇದ್ದೆ. ಚಿಕ್ಕಪ್ಪ ಪಡಸಾಲೆಯ ನಡುವೆ ಎರಡು ಕಿವಿಯನ್ನೂ ಮುಚ್ಚಿಕೊಂಡು ನಿಂತಿದ್ದ.

"ನಾನು ಕಣ್ರೇ, ಹಾಲೇಶ!"

"ಹಾಲೇಶ ಆದ್ರೆ ಕೂಗಿ ಬರಾಕೆ ಏನಾಗಿತ್ತು?" ಎಂದು ಸಿದ್ದಮ್ಮ ಒನಕೆ ಇಳಿಸದೆಯೇ ಕೇಳಿದಳು.

ಹುಟ್ಟಿದ ಮನೆಯವರೇ ತನ್ನನ್ನು ಕಳ್ಳನನ್ನಾಗಿ ಮಾಡಿದರೆಂದು ಅವನು ಬೀದಿಯ ಹಿರಿಯ ಚನ್ನಬಸಪ್ಪನವರ ಹತ್ತಿರ ದೂರು ಒಯ್ದ. ಅವರು ಕೆಟ್ಟವರಲ್ಲ, ಆದರೆ ಗಂಡಸಿನ ಕಣ್ಣೀರಿಗೆ ಬೇಗ ಕರಗುವವರು. ಅವರ ಜಗುಲಿಯ ಮೇಲೆ ಅವ್ವನನ್ನು ಕರೆಸಿದರು. ಈ ಗಂಟೆ ತಿಂಗಳಿಗೊಂದು ಸಲ ಕೆಡುತ್ತದೆ, ಇದನ್ನು ನಂಬಿ ಹೆಂಗಸರು ಒಂಟಿಯಾಗಿರಬಹುದೇ ಎನ್ನುವುದು ಪ್ರಶ್ನೆ. ಚಿಕ್ಕಪ್ಪನೇ ದಾರಿ ತೋರಿಸಿದ:

"ನಾನು ಹೇಳದೆ ಕೇಳದೆ ಒಂದಿನ ಬರ್ತೀನಿ. ಹಿರೇರೂ ಜೊತೆಗೆ ಬರ್ಲಿ. ಗಂಟೆ ಹೊಡೀತು ಅನ್ನು, ಈ ಮನೆ ತಂಟೆಗೆ ಬರಲ್ಲ. ಹೊಡೀಲಿಲ್ಲ ಅನ್ನು, ಅತ್ತಿಗೆ ನೌಕರಿ ಬಿಟ್ಟು ಬೀಗದ ಕೈ ನನಗೆ ಕೊಡ್ಬೇಕು."

"ಬಾ," ಎಂದಳು ಅವ್ವ. "ಯಾವಾಗ ಬೇಕಾದ್ರೂ ಬಾ."

ಮನೆಗೆ ಬಂದ ಮೇಲೆ ಅವಳು ಊಟ ಮಾಡಲಿಲ್ಲ. ಸಿಟ್ಟಿನ ಭರದಲ್ಲಿ ಮನೆಯನ್ನೂ ನೌಕರಿಯನ್ನೂ ಒಂದು ಡಬ್ಬಿ ಸೆಲ್ಲಿಗೆ ಕಟ್ಟಿಬಿಟ್ಟಿದ್ದಳು. ನನಗೂ ಗೊತ್ತಿತ್ತು. ಆ ದಿನದಿಂದ ನಾನು ಬೆಳಿಗ್ಗೆ ಮುಖ ತೊಳೆಯುವ ಮೊದಲು ಬಲ್ಬು ಹಿಡಿದು ಸೆಲ್ಲು, ವೈರು, ಪಟ್ಟಿ ಎಂದು ನೋಡುತ್ತಿದ್ದೆ. ಶಾಲೆಯಿಂದ ಬಂದ ಮೇಲೆ ಮತ್ತೆ ನೋಡುತ್ತಿದ್ದೆ. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಪಟ್ಟಿಗಳು ಹೊಸ ಬಳೆಯಂತೆ ಹೊಳೆಯುತ್ತಿದ್ದವು. ಕತ್ತಲಗೆರೆ ನನಗೆ ಬೇಡವಾಗಿತ್ತು. ಚಿಕ್ಕಪ್ಪನ ಮನೆಯಲ್ಲಿ ಹುಡುಗಿಯರನ್ನು ಏಳನೇ ಕ್ಲಾಸಿಗೆ ಬಿಡಿಸುತ್ತಿದ್ದರು.

ಅವರು ಬಂದದ್ದು ಮುಸ್ಸಂಜೆಗೆ. ಅಜ್ಜಿ ಗುಂಡಿ ಆರಿಸಿ, ಬಾಗಿಲು ತೆಗೆದು, ದೀಪ ಹಚ್ಚಿ ಕೈಮುಗಿದಿದ್ದಳು. ಅದೇ ಹೊತ್ತಿಗೆ ಅವ್ವನೂ ಬಂದು ಬಚ್ಚಲಿಗೆ ಕಾಲು ತೊಳೆಯಲು ಹೋಗಿದ್ದಳು. ಗಾಳಿಗೆ ದೀಪ ಆರೀತೆಂದು ಅಜ್ಜಿ ಬಾಗಿಲು ಮುಂದೆ ಮಾಡಿ ಅಡುಗೆಮನೆಗೆ ಹೋದಳು. ನಾನು ಪಡಸಾಲೆಯಲ್ಲಿ ಲೆಕ್ಕ ಮಾಡುತ್ತಿದ್ದೆ. ಬಾಗಿಲು ಮೆಲ್ಲಗೆ ತೆರೆಯಿತು. ಚಿಕ್ಕಪ್ಪ, ಅವನ ಹಿಂದೆ ಚನ್ನಬಸಪ್ಪನವರು, ಅವರ ಹಿಂದೆ ಬೀದಿಯ ಇನ್ನಿಬ್ಬರು. ನಾನು ಗೋಡೆಯ ಮೇಲಿನ ಗಂಟೆಯನ್ನು ನೋಡಿದೆ. ಅದು ಸುಮ್ಮನಿತ್ತು. ಚಿಕ್ಕಪ್ಪ ಬಾಗಿಲನ್ನು ಹಾಕಿ, ಇನ್ನೊಮ್ಮೆ ತೆಗೆದು, ಮತ್ತೆ ಹಾಕಿ ತೋರಿಸಿದ. ಆಗಲೂ ಸುಮ್ಮನಿತ್ತು.

ಚಿಕ್ಕಪ್ಪ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತ. ಒದ್ದೆ ಕಾಲಿನಲ್ಲೇ ಅವ್ವ ಹೊರಗೆ ಬಂದಳು.

"ಬೀಗದ ಕೈ ತರ್ರಿ ಅತ್ತಿಗೆ."

ಅವ್ವ ಗಂಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸೊಂಟದಲ್ಲಿದ್ದ ಬೀಗದ ಕೈಯನ್ನು ಸೆರಗಿನಿಂದ ಇನ್ನೊಂದು ಸುತ್ತು ಬಿಗಿದಳು.

"ಕೊಡಲ್ಲ."

"ನಾಕು ಜನರ ಮುಂದೆ ಮಾತು ಕೊಟ್ಟಿದ್ದಿ ಗಂಗಮ್ಮ," ಎಂದರು ಚನ್ನಬಸಪ್ಪನವರು.

"ಕೊಟ್ಟಿದ್ದೆ ರೀ. ಈಗ ವಾಪಸ್ ತಗಂಡೆ. ನಾಕು ಜನರ ಮುಂದೇನೇ ತಗಂಡೀನಿ. ಗಂಟೆ ಕೆಟ್ರೆ ರಿಪೇರಿ ಮಾಡ್ಕಂತೀನಿ. ಗಂಟೆ ಕೆಟ್ಟಿದ್ದಕ್ಕೆ ಮನೆ ಯಾಕೆ ಬಿಡ್ಲಿ? ನಿಮ್ಮನೆ ಗಡಿಯಾರ ನಿಂತ್ರೆ ನೀವು ಊರು ಬಿಟ್ಟು ಹೋಗ್ತೀರಾ? ಮನೆ ನಂದು. ಅದು ಹೊಡೆದ್ರೂ ನಂದು, ಹೊಡೀದಿದ್ರೂ ನಂದು."

ಕೊಟ್ಟ ಮಾತನ್ನು ಯಾರಾದರೂ ಹಾಗೆ, ತಲೆ ತಗ್ಗಿಸದೆ, ಎರವಲು ಕೊಟ್ಟ ಪಾತ್ರೆಯನ್ನು ವಾಪಸ್ಸು ಇಸಿದುಕೊಂಡಷ್ಟು ಸಲೀಸಾಗಿ ವಾಪಸ್ಸು ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಮಾತಿಗೆ ತಪ್ಪಬಾರದೆಂದು ನನಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮೋಸದಿಂದ ಕಸಿದುಕೊಂಡ ಮಾತಿಗೆ ತಪ್ಪಬಹುದು, ತಪ್ಪಬೇಕು ಎನ್ನುವುದನ್ನು ನನ್ನ ಅವ್ವ ಆ ಪಡಸಾಲೆಯಲ್ಲಿ ಹೇಳಿಕೊಟ್ಟಳು. ಆಮೇಲೆ ನನ್ನ ಬದುಕಿನಲ್ಲಿ ನಾನು ಎರಡು ಕಡೆ ಆ ಪಾಠವನ್ನು ಬಳಸಿದ್ದೇನೆ, ಎರಡು ಕಡೆಯೂ ನನಗೆ ಒಳ್ಳೆಯದೇ ಆಗಿದೆ. ಅವ್ವ ಅಷ್ಟಕ್ಕೆ ಬಿಡಲಿಲ್ಲ.

"ರತ್ನಾ, ಅದು ಯಾಕೆ ಹೊಡೀಲಿಲ್ಲ ನೋಡು."

ನಾನು ಬಲ್ಬು ತಂದೆ. ಸೆಲ್ಲಿನ ಡಬ್ಬಿಗೆ ಬಲ್ಬಿನ ವೈರು ಮುಟ್ಟಿಸಿದೆ, ಬಲ್ಬು ಹತ್ತಿತು. ವೈರು ಸರಿಯಿತ್ತು. ಸ್ಟೂಲು ಹತ್ತಿ ಚೌಕಟ್ಟಿನ ಪಟ್ಟಿ ನೋಡಿದೆ, ಥಳಥಳ ಹೊಳೆಯುತ್ತಿತ್ತು. ಗಂಡಸರು ನಾಲ್ವರೂ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಉಳಿದದ್ದು ಗುಂಡಿ ಒಂದೇ. ಅಡುಗೆಮನೆಗೆ ಹೋಗಿ ಗೂಡಿಗೆ ಕೈ ಹಾಕಿದೆ. ಉಪ್ಪಿನ ಭರಣಿಯ ಹಿಂದೆ ಗುಂಡಿ ಆರಿತ್ತು. ಅಜ್ಜಿ ಅಲ್ಲೇ ಒಲೆಯ ಹತ್ತಿರ ನಿಂತಿದ್ದಳು. ಬಾಗಿಲು ಹಾಕಿದ ಕೂಡಲೇ ಗುಂಡಿ ಹಾಕುತ್ತೇನೆಂದು ಒಪ್ಪಿದ್ದವಳು ಒಂದು ದಿನವೂ ಹಾಗೆ ಮಾಡಿರಲಿಲ್ಲ ಎಂದು ನನಗೆ ಅವಳ ಮುಖ ನೋಡಿದರೇ ಗೊತ್ತಾಯಿತು. ಅವಳು ಹೊಟ್ಟೆಯಲ್ಲಿ ಹೊತ್ತ ಮಗನಿಗೂ ಅದು ಗೊತ್ತಿತ್ತು, ಅದಕ್ಕೇ ಅವನು ಈ ಹೊತ್ತು ಹುಡುಕಿಕೊಂಡು ಬಂದಿದ್ದ. ಅಜ್ಜಿ ಬಾಯಿಬಿಡದಿದ್ದರೆ ಗಂಟೆ ಕೆಟ್ಟಂತೆ, ಅವಳ ಮಗ ಗೆದ್ದಂತೆ. ನಾನು ಹೇಳಿದರೆ ಹುಡುಗಿ ಗುಂಡಿ ಮುಟ್ಟಿ ಆಟ ಕಟ್ಟುತ್ತಾಳೆ ಎನ್ನುತ್ತಿದ್ದರು. ಅಜ್ಜಿ ಒಂದು ಗಳಿಗೆ ಒಲೆಯನ್ನೇ ನೋಡಿದಳು. ಆಮೇಲೆ ನನ್ನ ಕೈ ಸರಿಸಿ, ತಾನೇ ಗುಂಡಿ ಹಾಕಿ, ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದಳು.

"ಅದು ಕೆಟ್ಟಿಲ್ಲ. ನಾನೇ ಆರ್ಸಿ ಇಟ್ಟಿದ್ದೆ. ದೀಪ ಉರಿಯೋ ತನಕ ಲಕ್ಷ್ಮಿ ಬರೋ ಹೊತ್ತು. ಆಯಮ್ಮ ಬಾಗ್ಲು ದೂಡಿದ್ರೆ ಹೊಡೀಬಾರ್ದು ಅಂತ ದಿ‌ನಾ ಹಂಗೇ ಬಿಡ್ತೀನಿ. ಇವತ್ತು ನೀನು ಬಂದಿ."

"ಅವ್ವಾ, ನೀನು ಸುಮ್ನಿರು. ನೀನು ನನ್ನ ಹೆತ್ತೋಳು."

"ಹೆತ್ತೀನಿ. ಅದ್ಕೇ ಇಷ್ಟು ದಿನ ಸುಮ್ನಿದ್ದೆ. ನೀನು ಇಲ್ಲಿ ಕಾವಲು ಮಲಗಿದ್ದಾಗ ನನ್ನ ತವರಿನ ಕೊಡಪಾನ ಹೋತು. ಎಲ್ಲಿಗೆ ಹೋತು, ಯಾರು ಒಯ್ದ್ರು ಅಂತ ಈ ಹಿರೇರ ಮುಂದೆ ಹೇಳ್ಲಾ?"

ಕೊಡಪಾನವನ್ನು ಕಲಾಯಿಗೆ ಕೊಟ್ಟಿದ್ದೇನೆಂದು ಅವಳು ನಮಗೆ ಹೇಳಿದ್ದಳು. ಚಿಕ್ಕಪ್ಪ ಕುರ್ಚಿಯಿಂದ ಎದ್ದ. ಏಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಬಾಗಿಲಿನತ್ತ ಕೈ ತೋರಿಸಿದಳು.

"ಹೊರಗೆ ಹೋಗು. ಬಾಗ್ಲು ಹಾಕ್ಕಂಡು ಮತ್ತೆ ದೂಡಿ ಬಾ. ಹೊಡೀತೈತೋ ಇಲ್ವೋ ಎಲ್ರೂ ನೋಡ್ಲಿ."

ಅವನು ಹೊರಗೆ ಹೋಗಲೆಂದು ಅವಳೇ ನನಗೆ ಗುಂಡಿ ಆರಿಸಲು ಹೇಳಿದಳು. ಅವನ ಹಿಂದೆ ಬಾಗಿಲು ಮುಚ್ಚಿದ ಮೇಲೆ ನಾನು ಗುಂಡಿ ಮತ್ತೆ ಹಾಕಿ ಬಂದೆ. ನಾವು ಕಾದೆವು. ಚನ್ನಬಸಪ್ಪನವರು ಗಂಟೆಯನ್ನು, ಅವ್ವ ಬಾಗಿಲನ್ನು, ಅಜ್ಜಿ ನೆಲವನ್ನು ನೋಡುತ್ತಾ ನಿಂತರು. ಬಾಗಿಲಿನ ಆಚೆ ಅವನು ಉಸಿರಾಡುವುದೂ ಕೇಳುತ್ತಿತ್ತು. ಆಮೇಲೆ ಚಪ್ಪಲಿ ಮೆಟ್ಟಿದ ಸದ್ದು, ಅದು ಜಗುಲಿ ಇಳಿದು ಬೀದಿಗುಂಟ ದೂರವಾದದ್ದು ಕೇಳಿಸಿತು.

ಹಿರಿಯರಿಗೆ ಇನ್ನು ಅಲ್ಲಿ ಕೆಲಸವಿರಲಿಲ್ಲ. ಚನ್ನಬಸಪ್ಪನವರು ಹೆಗಲ ವಲ್ಲಿ ಕೊಡವಿಕೊಂಡು, ಬರ್ತೀವಮ್ಮ ಎಂದು ಯಾರಿಗೂ ಅಲ್ಲದಂತೆ ಹೇಳಿ, ತಾವೇ ಬಾಗಿಲು ಎಳೆದರು. ಗಂಟೆ ಹೊಡೆದುಕೊಂಡಿತು. ಮೂವರೂ ಬೆಚ್ಚಿ ಹೊಸ್ತಿಲ ಮೇಲೆಯೇ ನಿಂತರು. ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ ಮನೆಯದೂ ತೆರೆಯಿತು, ಬೀದಿಯ ಹೆಂಗಸರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬಂದರು. ನಾನು ಗುಂಡಿ ಆರಿಸಲು ಅಡುಗೆಮನೆಗೆ ಹೊರಟೆ. ಅವ್ವ ನನ್ನ ರಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ಹೊಡ್ಕಳ್ಳಿ ಬಿಡು," ಎಂದಳು.